ಹರ್ಗ್ ಚಾನಲ್‌ಗೆ ಯಾವ ರಚನೆ? ಪಿಡಿಬಿ, ಆಲ್ಫಾಫೋಲ್ಡ್, ಸ್ವಂತ ಕ್ರಯೋ-ಇಎಂ, ಹರಳು: ಆರಿಸುವ ಮುನ್ನ

ಡಾಕಿಂಗ್ (ಔಷಧದ ಅಣು ಪ್ರೋಟೀನಿನಲ್ಲಿ ಎಲ್ಲಿ, ಹೇಗೆ ಕೂರುತ್ತದೆಂದು ಕಂಪ್ಯೂಟರಿನಲ್ಲಿ ಹೊಂದಿಸಿ ನೋಡುವುದು) ಮಾಡಬೇಕಿದೆ, ಯಾವ ರಚನೆ ಇಟ್ಟುಕೊಳ್ಳಲಿ? ಪ್ರಯೋಗದಿಂದ ಬಿಡಿಸಿದ ಪ್ರೋಟೀನ್ ರಚನೆಗಳ ಸಾರ್ವಜನಿಕ ಕೋಶವಾದ ಪಿಡಿಬಿಯಲ್ಲಿ ಇರುವುದರಲ್ಲಿ ಅಲ್ಲಲ್ಲಿ ತುಂಡುಗಳೇ ಇಲ್ಲ, ಸರಣಿ ನೋಡಿ ರಚನೆ ಊಹಿಸುವ ಎಐ ತಂತ್ರಾಂಶ ಆಲ್ಫಾಫೋಲ್ಡ್ ಕೊಡುವ ಮಾದರಿ ಪೂರ್ತಿಯಾಗಿ ಕಾಣುತ್ತದೆ, ಅದನ್ನೇ ಹಿಡಿಯಲೇ? ನಾವೇ ಪ್ರೋಟೀನ್ ತೆಗೆದು ಕ್ರಯೋ-ಇಎಂ ಮೂಲಕ (ಹೆಪ್ಪುಗಟ್ಟಿಸಿದ ಕಣಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳಿಂದ), ಇಲ್ಲವೇ ಹರಳು ಕಟ್ಟಿಸಿ ಎಕ್ಸ್-ಕಿರಣದಿಂದ ರಚನೆ ಬಿಡಿಸುವುದು ಲೇಸೇ? ಮಾನವ ಅಯಾನು ಚಾನಲ್‌ಗಳ (ಜೀವಕೋಶದ ಪೊರೆಯಲ್ಲಿ ಅಯಾನುಗಳಿಗೆ ದಾರಿ ಬಿಡುವ ಪ್ರೋಟೀನುಗಳ) ಮೇಲೆ ಕೆಲಸ ಶುರುಮಾಡುವ ಎಂ.ಎಸ್‌ಸಿ. ವಿದ್ಯಾರ್ಥಿಗೂ, ಔಷಧ ಕಂಪನಿಯ ವಿಜ್ಞಾನಿಗೂ, ರೋಗಿಯ ಜೀನ್ ವರದಿ ಹಿಡಿದು ಕೂತ ವೈದ್ಯರಿಗೂ ಇದೇ ಗೊಂದಲ. ಎಲ್ಲ ಚಾನಲ್‌ಗಳನ್ನೂ ಒಟ್ಟಿಗೆ ಎಳೆದುಕೊಂಡರೆ ಮಾತು ಹರಡಿಹೋಗುತ್ತದೆ. ಹಾಗಾಗಿ ಇಲ್ಲಿ ಒಂದೇ ಚಾನಲ್ ಹಿಡಿದುಕೊಳ್ಳೋಣ: ಹೃದಯದ ಪೊಟ್ಯಾಶಿಯಂ ಚಾನಲ್ ಹರ್ಗ್.

ಕೆಸಿಎನ್‌ಎಚ್2 ಜೀನ್‌ನಿಂದ ಬರುವ ಈ ಪ್ರೋಟೀನಿನ ಒಂದೊಂದು ಉಪಘಟಕದಲ್ಲಿ 1159 ಅಮೈನೋ ಆಮ್ಲಗಳಿವೆ. ಅಂಥ ನಾಲ್ಕು ಸೇರಿ ಒಂದು ಚಾನಲ್. ಪ್ರತಿ ಬಡಿತದ ನಂತರ ಹೃದಯದ ಜೀವಕೋಶ ಮತ್ತೆ ವಿಶ್ರಾಂತಿಗೆ ಮರಳುವುದಕ್ಕೆ ಇದರ ಮೂಲಕ ಪೊಟ್ಯಾಶಿಯಂ ಹೊರಹೋಗಬೇಕು. ಇದು ಕಟ್ಟಿಕೊಂಡರೆ ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗಿ, ಹೃದಯದ ಲಯ ಪ್ರಾಣಾಪಾಯದ ಮಟ್ಟಕ್ಕೆ ಕೆಡಬಹುದು. ಟರ್ಫೆನಾಡಿನ್, ಆಸ್ಟೆಮಿಜೋಲ್, ಸಿಸಪ್ರೈಡ್ ಮಾರುಕಟ್ಟೆಯಿಂದ ಹೊರಬಿದ್ದದ್ದು ಇದೇ ಕಾರಣಕ್ಕೆ. ಅಂದಿನಿಂದ ಹೊಸ ಅಣುವನ್ನು ಹರ್ಗ್ ಪರೀಕ್ಷೆ ಮಾಡದೆ ಮುಂದಕ್ಕೆ ಬಿಡುವುದಿಲ್ಲ.

ಮೊದಲು ಅಳತೆಗೋಲು

ಹೆಚ್ಚಿನವರು ರೆಸಲ್ಯೂಶನ್ (ಎಷ್ಟು ಸಣ್ಣ ವಿವರ ಕಾಣುತ್ತದೆಂಬ ಅಳತೆ; ಆಂಗ್‌ಸ್ಟ್ರಾಮ್ ಅಂಕಿ ಚಿಕ್ಕದಾದಷ್ಟೂ ಸ್ಪಷ್ಟ) ಅಂಕಿ ನೋಡಿ ರಚನೆ ಆರಿಸುತ್ತಾರೆ. ಚಾನಲ್‌ಗಳ ವಿಷಯದಲ್ಲಿ ನನ್ನ ಪ್ರಕಾರ ಅದಕ್ಕೆ ಎರಡನೇ ಸ್ಥಾನ. ಮೊದಲ ಸ್ಥಾನ ಸ್ಥಿತಿಗೆ. ಚಾನಲ್‌ಗೆ ಒಂದೇ ಆಕಾರ ಎಂಬುದಿಲ್ಲ. ಮುಚ್ಚಿರುತ್ತದೆ, ತೆರೆಯುತ್ತದೆ, ತೆರೆದಿದ್ದೂ ಅಯಾನು ಬಿಡದ ಇನಾಕ್ಟಿವೇಶನ್ ಸ್ಥಿತಿಗೆ ಜಾರುತ್ತದೆ. ನಿಮ್ಮ ಪ್ರಶ್ನೆ ಯಾವ ಸ್ಥಿತಿಯದ್ದು, ಕೈಯಲ್ಲಿರುವ ರಚನೆ ಯಾವ ಸ್ಥಿತಿಯದ್ದು, ಇವೆರಡು ಹೊಂದದಿದ್ದರೆ 2 ಆಂಗ್‌ಸ್ಟ್ರಾಮ್ ರಚನೆಯೂ ದಾರಿ ತಪ್ಪಿಸುತ್ತದೆ.

ಆಮೇಲೆ ರೆಸಲ್ಯೂಶನ್. ಅದೂ ಇಡೀ ರಚನೆಯ ಸರಾಸರಿಯಲ್ಲ, ನಿಮಗೆ ಬೇಕಾದ ಜಾಗದ್ದು. 2 ಆಂಗ್‌ಸ್ಟ್ರಾಮ್ ಹತ್ತಿರ ನೀರಿನ ಅಣುಗಳು ಕಾಣುತ್ತವೆ. 3ರ ಹತ್ತಿರ ಬಹುತೇಕ ಪಕ್ಕಸರಪಳಿಗಳು (ಪ್ರತಿ ಅಮೈನೋ ಆಮ್ಲದಿಂದ ಹೊರಚಾಚುವ ಗುಂಪುಗಳು) ಕಾಣುತ್ತವೆ. 3.8 ಅಂದರೆ ಹೆಲಿಕ್ಸ್‌ಗಳ (ಸುರುಳಿ ಭಾಗಗಳ) ಜಾಡು ಖಚಿತ, ದೊಡ್ಡ ಪಕ್ಕಸರಪಳಿಗಳ ಉಬ್ಬು ತಿಳಿಯುತ್ತದೆ, ಆದರೆ ಅವು ಯಾವ ಕೋನಕ್ಕೆ ತಿರುಗಿವೆ ಎಂಬುದು ಹಲವೆಡೆ ಊಹೆ. 4.5 ದಾಟಿದರೆ ಹೆಲಿಕ್ಸ್‌ಗಳು ಬರೀ ಕೋಲುಗಳು.

ಮೂರನೆಯದು, ರಚನೆಗಾಗಿ ಪ್ರೋಟೀನಿನಲ್ಲಿ ಏನನ್ನು ಕತ್ತರಿಸಿದ್ದಾರೆ. ನಾಲ್ಕನೆಯದು, ಅದು ಡಿಟರ್ಜೆಂಟ್‌ನಲ್ಲಿತ್ತೋ ಲಿಪಿಡ್ ನ್ಯಾನೋಡಿಸ್ಕ್ ಎಂಬ ಪೊರೆಯ ಪುಟ್ಟ ಬಿಲ್ಲೆಯಲ್ಲಿತ್ತೋ, ಬಫರ್‌ನಲ್ಲಿ ಯಾವ ಉಪ್ಪು ಎಷ್ಟಿತ್ತು. ಕಡೆಯದಾಗಿ ನಿಮ್ಮ ಸಮಯ, ಹಣ, ಸಲಕರಣೆ.

ಪಿಡಿಬಿಯಲ್ಲಿ ಇರುವುದನ್ನೇ ಬಳಸುವುದು

ಖರ್ಚಿಲ್ಲ, ಇಂದೇ ಶುರುಮಾಡಬಹುದು. ಹತ್ತರಲ್ಲಿ ಎಂಟು ಜನಕ್ಕೆ ಇದೇ ಸರಿ. ಆದರೆ ಇಳಿಸಿಕೊಂಡ ಫೈಲನ್ನು ನೇರ ಡಾಕಿಂಗ್‌ಗೆ ಹಾಕಬೇಡಿ.

ಹರ್ಗ್‌ನ ಮೊದಲ ರಚನೆ 2017ರಲ್ಲಿ ಚಾನಲ್ ರಚನೆಗಳಿಗಾಗಿ ನೊಬೆಲ್ ಪಡೆದ ರಾಡರಿಕ್ ಮೆಕಿನನ್ ಅವರ ಪ್ರಯೋಗಾಲಯದಿಂದ ಬಂತು. ಪಿಡಿಬಿ ಸಂಕೇತ 5ವಿಎ2, 3.8 ಆಂಗ್‌ಸ್ಟ್ರಾಮ್. ಆ ಪ್ರೋಟೀನಿನಲ್ಲಿ 141ರಿಂದ 350, 871ರಿಂದ 1005, ಈ ಎರಡು ಉದ್ದದ ತುಂಡುಗಳನ್ನು ಮೊದಲೇ ತೆಗೆದುಹಾಕಿದ್ದರು. ರಂಧ್ರದ ಪ್ರಶ್ನೆಗೆ ಇದರಿಂದ ತೊಂದರೆಯಿಲ್ಲ. ಒಳಬದಿಯ ಉದ್ದ ಲೂಪ್‌ಗಳಲ್ಲಿನ ಫಾಸ್ಫೋರಿಲೇಶನ್ ಬಗ್ಗೆ ಕೇಳುವವರಿಗೆ ಇದರಲ್ಲಿ ಏನೂ ಸಿಗದು. ಅದೇ ಗುಂಪಿನ 5ವಿಎ3 ರಚನೆಯಲ್ಲಿ 631ನೇ ಸೆರಿನ್ ಜಾಗದಲ್ಲಿ ಅಲನಿನ್ ಇದೆ. ಈ ಒಂದು ಬದಲಾವಣೆ ಇನಾಕ್ಟಿವೇಶನ್ನನ್ನು ಬಹುಮಟ್ಟಿಗೆ ತೆಗೆಯುತ್ತದೆ, ಹಾಗಾಗಿ ಎರಡನ್ನೂ ಒಂದರ ಮೇಲೊಂದಿಟ್ಟು ನೋಡುವುದು ಲಾಭ. 2021ರ 7ಸಿಎನ್1ರಲ್ಲಿ ಆಸ್ಟೆಮಿಜೋಲ್ ಕೂತಿದೆ, ಅದರ ಜೋಡಿಯಾದ 7ಸಿಎನ್0ರಲ್ಲಿ ಔಷಧವಿಲ್ಲ.

ಕ್ರಯೋ-ಇಎಂಗೆಂದು ಗ್ರಿಡ್ (ಪುಟ್ಟ ಜಾಲರಿ) ಮೇಲೆ ಹೆಪ್ಪುಗಟ್ಟಿದ ಚಾನಲ್‌ನ ಎರಡು ಬದಿಯ ನಡುವೆ ವೋಲ್ಟೇಜ್ ಇಲ್ಲ, ಅಂದರೆ 0 ಮಿಲಿವೋಲ್ಟ್. ವಿಶ್ರಾಂತಿಯಲ್ಲಿರುವ ಜೀವಕೋಶದ ಋಣ ವೋಲ್ಟೇಜ್‌ನಲ್ಲಿ ಮುಚ್ಚಿಕೊಳ್ಳುವ ಚಾನಲ್ ಇಲ್ಲಿ ಮುಚ್ಚುವುದಕ್ಕೆ ಕಾರಣವೇ ಇಲ್ಲ. ವೋಲ್ಟೇಜ್ ಸೆನ್ಸರ್ ಮೇಲಕ್ಕೆ ಎದ್ದೇ ಇರುತ್ತದೆ. ಹೀಗಾಗಿ ಮುಚ್ಚಿದ ಸ್ಥಿತಿಯ ಪ್ರಶ್ನೆಗೆ 5ವಿಎ2 ಉತ್ತರ ಕೊಡದು. ಅದು ತೆರೆದ ಸ್ಥಿತಿಯದೆಂದು ಪ್ರಕಟಿಸಿದವರು ಓದಿದ್ದಾರೆ. 0 ಮಿಲಿವೋಲ್ಟ್‌ನಲ್ಲಿ ಹರ್ಗ್ ಬಹುಪಾಲು ಇನಾಕ್ಟಿವೇಶನ್‌ನಲ್ಲಿರಬೇಕಲ್ಲ ಎಂಬ ಚರ್ಚೆಯೂ ಇದೆ. ನಿಮ್ಮ ವರದಿಯಲ್ಲಿ ಈ ಸಾಲು ಬರೆಯುವುದನ್ನು ಮರೆಯಬೇಡಿ.

ಈಗ ಮ್ಯಾಪ್ ನೋಡುವ ಕೆಲಸ. ಪಿಡಿಬಿ ಫೈಲ್ ಜೊತೆಗೆ ಇಎಂಡಿಬಿ ಕೋಶದಿಂದ ಮ್ಯಾಪ್ (ಪ್ರೋಟೀನ್ ಎಲ್ಲೆಲ್ಲಿ ಎಷ್ಟು ಗಾಢವಾಗಿ ಕಂಡಿತೆಂಬ ಮೂರು ಆಯಾಮದ ನಕ್ಷೆ) ಇಳಿಸಿ, ರಚನೆ ನೋಡುವ ತಂತ್ರಾಂಶ ಕೈಮೆರಾಎಕ್ಸ್‌ನಲ್ಲಿ ಎರಡನ್ನೂ ತೆರೆಯಿರಿ. ಫೈಲ್‌ನಲ್ಲಿ ಒಂದೇ ಉಪಘಟಕ ಕಂಡರೆ ಜೈವಿಕ ಜೋಡಣೆಯ ಫೈಲ್ ತೆಗೆದುಕೊಂಡು ನಾಲ್ಕನ್ನೂ ತರಿಸಿ. ಮೊದಲು ಆರನೇ ಹೆಲಿಕ್ಸ್‌ಗೆ ಹೋಗಿ, 652ನೇ ಟೈರೋಸಿನ್ ಮೇಲೆ ನಿಲ್ಲಿ. ಮ್ಯಾಪ್‌ನ ಮಟ್ಟವನ್ನು ನಿಧಾನವಾಗಿ ಏರಿಸುತ್ತಾ ಬನ್ನಿ. ಹೆಲಿಕ್ಸ್‌ನ ಬೆನ್ನು ಹಾಗೇ ಉಳಿಯುತ್ತದೆ, ಪಕ್ಕಸರಪಳಿಯ ಉಬ್ಬು ಮೊಳಕೆಯಷ್ಟಾಗಿ ಸಣ್ಣಗಾಗುತ್ತದೆ, ಒಂದು ಹಂತದಲ್ಲಿ ಮಾಯವಾಗುತ್ತದೆ. ಬೆನ್ನು ಇನ್ನೂ ಗಟ್ಟಿಯಾಗಿ ಇರುವಾಗಲೇ ಉಬ್ಬು ಹೋಯಿತೆಂದರೆ ಆ ಪಕ್ಕಸರಪಳಿಯ ಕೋನ ನಂಬಿಕೆಯದಲ್ಲ. ಹಾಗೇ ಒಂದು ಸುತ್ತು ಕೆಳಗಿಳಿದು 656ನೇ ಫೀನೈಲ್‌ಅಲನಿನ್ ನೋಡಿ. ಔಷಧ ಹಿಡಿಯುವುದರಲ್ಲಿ ಇವೆರಡೂ ಮುಖ್ಯ. ಎರಡರಲ್ಲಿ ಯಾವುದನ್ನಾದರೂ ಅಲನಿನ್ ಮಾಡಿದರೆ ಹಲವು ಔಷಧಗಳ ಹಿಡಿತ ತೀವ್ರವಾಗಿ ಸಡಿಲವಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಆದರೆ 5ವಿಎ2ರಲ್ಲಿ 656 ಒಳಗಿನ ಕುಹರದ ಕಡೆ ಪೂರ್ತಿ ಮುಖಮಾಡಿಲ್ಲ. ಅದನ್ನು ಹಾಗೇ ಬಿಗಿಯಾಗಿಟ್ಟು ಡಾಕಿಂಗ್ ಮಾಡಿದರೆ ಔಷಧ ಅದನ್ನು ಮುಟ್ಟುವುದೇ ಇಲ್ಲ, ಫಲಿತಾಂಶ ಪ್ರಯೋಗಕ್ಕೆ ತದ್ವಿರುದ್ಧ ಬರುತ್ತದೆ. ಎರಡನ್ನೂ ಬಾಗುವ ಪಕ್ಕಸರಪಳಿ ಎಂದು ಗುರುತಿಸಿ, ಇಲ್ಲವೇ ಲಿಪಿಡ್ ಪೊರೆಯಲ್ಲಿ ಸಿಮ್ಯುಲೇಶನ್ ಓಡಿಸಿ ಬೇರೆಬೇರೆ ಕ್ಷಣಗಳ ರಚನೆಗಳನ್ನು ತೆಗೆದು ಪ್ರತಿಯೊಂದರಲ್ಲೂ ಡಾಕಿಂಗ್ ಮಾಡಿ.

ಕುಹರದ ಮೇಲ್ಗಡೆ ಸೆಲೆಕ್ಟಿವಿಟಿ ಫಿಲ್ಟರ್ ಇದೆ, ಪೊಟ್ಯಾಶಿಯಂ ಮಾತ್ರ ಹಾಯುವ ಇಕ್ಕಟ್ಟಾದ ಕಂಠ. ಹರ್ಗ್‌ನಲ್ಲಿ ಅದು 624ರಿಂದ 628ರವರೆಗೆ: ಸೆರಿನ್, ವ್ಯಾಲಿನ್, ಗ್ಲೈಸಿನ್, ಫೀನೈಲ್‌ಅಲನಿನ್, ಗ್ಲೈಸಿನ್. ಇಲ್ಲಿ ಪೊಟ್ಯಾಶಿಯಂ ಇಡದೆ ಸಿಮ್ಯುಲೇಶನ್ ಶುರುಮಾಡಿದರೆ ಕಂಠ ಕುಸಿಯಬಹುದು, ಔಷಧದ ಧನ ವಿದ್ಯುದಂಶದ ಸಾರಜನಕ ಖಾಲಿ ಜಾಗಕ್ಕೆ ನುಗ್ಗಿ ಕೂರುತ್ತದೆ. ಹೊಸಬರ ಡಾಕಿಂಗ್ ಚಿತ್ರಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು.

ಪಿಡಿಬಿ ಪುಟದಲ್ಲಿರುವ ಮೌಲ್ಯಮಾಪನ ವರದಿಯನ್ನೂ ಓದಿ. ಅದರಲ್ಲಿ, ಪ್ರೋಟೀನಿನ ಬೆನ್ನಿನ ಕೋನಗಳು ಸಾಧ್ಯವಾದ ಮಿತಿಯಲ್ಲಿವೆಯೇ ಎಂದು ಹೇಳುವ ರಾಮಚಂದ್ರನ್ ಪ್ಲಾಟ್‌ನ ಅಂಕಿ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲೆಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ ಜಿ.ಎನ್. ರಾಮಚಂದ್ರನ್ ಅವರ ಹೆಸರದು, ಜಗತ್ತಿನ ಪ್ರತಿ ಪ್ರೋಟೀನ್ ರಚನೆಯೂ ಇಂದಿಗೂ ಆ ಪರೀಕ್ಷೆಗೆ ಕೂರುತ್ತದೆ. ಒಂದು ಎಚ್ಚರ ಮಾತ್ರ ಇರಲಿ: 3.5 ಆಂಗ್‌ಸ್ಟ್ರಾಮ್‌ಗಿಂತ ಮಸುಕಾದ ರಚನೆಗಳಲ್ಲಿ ತಂತ್ರಾಂಶವೇ ಆ ಕೋನಗಳನ್ನು ಸರಿಯಾದ ಜಾಗಕ್ಕೆ ತಳ್ಳುವಂತೆ ಮಾಡಬಹುದು. ಆಗ ಪ್ಲಾಟ್ ಚೊಕ್ಕಟವಾಗಿದ್ದ ಮಾತ್ರಕ್ಕೆ ರಚನೆ ಸರಿ ಎಂದಾಗದು. ಪಕ್ಕಸರಪಳಿಗಳ ಅಂಕಿ, ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುವ ಅಂಕಿ, ಮ್ಯಾಪ್‌ಗೆ ಮಾದರಿ ಹೊಂದುವ ಅಂಕಿ, ಮೂರನ್ನೂ ಸೇರಿಸಿ ನೋಡಿ.

ಆಲ್ಫಾಫೋಲ್ಡ್ ಮಾದರಿ

ದತ್ತಾಂಶ ಕೋಶದಲ್ಲಿ ಹರ್ಗ್‌ನ ಯೂನಿಪ್ರೋಟ್ ಸಂಖ್ಯೆ ಕ್ಯೂ12809 ಹಾಕಿದರೆ ಮಾದರಿ ತೆರೆದುಕೊಳ್ಳುತ್ತದೆ. 1159 ಅಮೈನೋ ಆಮ್ಲಗಳೂ ಇವೆ. ಈ ಪೂರ್ಣತೆಯೇ ಮೋಸಹೋಗುವ ಜಾಗ. ಬಣ್ಣ ನೋಡಿ: ಪಿಎಲ್‌ಡಿಡಿಟಿ ಅಂಕ (ಆ ಜಾಗದ ಊಹೆಯನ್ನು ಎಷ್ಟು ನಂಬಬಹುದು ಎಂಬುದು) 90 ದಾಟಿದ್ದು ಕಡುನೀಲಿ, 70ರಿಂದ 90 ತಿಳಿನೀಲಿ, 50ರಿಂದ 70 ಹಳದಿ, 50ರ ಕೆಳಗೆ ಕಿತ್ತಳೆ. ಚಾನಲ್ ಸುತ್ತ ಶಾವಿಗೆಯಂತೆ ಹರಡಿರುವ ಕಿತ್ತಳೆ ಎಳೆಗಳಿಗೆ ಆಕಾರ ಎಂಬುದೇ ಇಲ್ಲ. ಕ್ರಯೋ-ಇಎಂನಲ್ಲಿ ಕತ್ತರಿಸಿ ತೆಗೆದದ್ದೂ ಬಹುಪಾಲು ಇಂಥ ಭಾಗಗಳನ್ನೇ. ಕೆಲಸಕ್ಕೆ ಮುನ್ನ ಅವನ್ನು ಅಳಿಸಿ.

ಎರಡನೆಯದು, ಅದು ಒಂದೇ ಉಪಘಟಕ. ರಂಧ್ರ ಆಗುವುದು ನಾಲ್ಕು ಸೇರಿದಾಗ. ಆಲ್ಫಾಫೋಲ್ಡ್ ಸರ್ವರ್‌ನಲ್ಲಿ ನಾಲ್ಕು ಪ್ರತಿ ಹಾಕಿದರೆ 4636 ಅಮೈನೋ ಆಮ್ಲ. ಅಲ್ಲಿನ ಮಿತಿ 5000 ಟೋಕನ್ (ಒಂದು ಅಮೈನೋ ಆಮ್ಲ ಅಥವಾ ಒಂದು ಅಯಾನಿಗೆ ಒಂದು ಟೋಕನ್), ಹಾಗಾಗಿ ಪೊಟ್ಯಾಶಿಯಂ ಅಯಾನು ಸೇರಿಸಿಯೂ ಒಂದೇ ಓಟದಲ್ಲಿ ಹಿಡಿಯುತ್ತದೆ. ಫಲಿತಾಂಶ ಬಂದಾಗ ಪಿಎಲ್‌ಡಿಡಿಟಿ ಮಾತ್ರ ನೋಡಿ ಸುಮ್ಮನಾಗಬೇಡಿ, ಪಿಎಇ ಚಿತ್ರದಲ್ಲಿ (ಎರಡು ಭಾಗಗಳ ಪರಸ್ಪರ ಸ್ಥಾನದಲ್ಲಿ ಎಷ್ಟು ದೋಷ ಇರಬಹುದೆಂದು ತೋರಿಸುವುದು) ಉಪಘಟಕಗಳ ನಡುವಿನ ಚೌಕಗಳು ಗಾಢವಾಗಿವೆಯೇ ನೋಡಿ. ಒಳಗೆ ಗಾಢ, ನಡುವೆ ತಿಳಿ ಎಂದರೆ ಒಂದೊಂದು ಉಪಘಟಕ ಸರಿ, ಅವು ಸೇರಿದ ಬಗೆ ಅನುಮಾನ. ಸರ್ವರ್‌ನ ಬಳಕೆ ಷರತ್ತನ್ನೂ ಓದಿ: ವಾಣಿಜ್ಯ ಕೆಲಸಕ್ಕೆ ಬಳಸುವಂತಿಲ್ಲ, ಫಲಿತಾಂಶವನ್ನು ಡಾಕಿಂಗ್ ತಂತ್ರಾಂಶಕ್ಕೆ ಕೊಡುವುದಕ್ಕೂ ನಿರ್ಬಂಧವಿದೆ. ಕಂಪನಿಯಲ್ಲಿರುವವರಿಗೆ ಇದು ಸಣ್ಣ ವಿಷಯವಲ್ಲ.

ಸ್ಥಿತಿಯ ಪ್ರಶ್ನೆ ಇಲ್ಲೂ ಬಿಡುವುದಿಲ್ಲ. ಆಲ್ಫಾಫೋಲ್ಡ್‌ಗೆ ವೋಲ್ಟೇಜ್ ಗೊತ್ತಿಲ್ಲ, ತಾನು ಕಲಿತ ರಚನೆಗಳಲ್ಲಿ ಹೆಚ್ಚು ಕಂಡದ್ದರ ಕಡೆಗೇ ಅದು ವಾಲುತ್ತದೆ. ಹೋಲಿಕೆಯ ಸರಣಿಗಳನ್ನು ಕಡಿಮೆ ಕೊಟ್ಟು, ಬೇರೆ ಸ್ಥಿತಿಯ ಟೆಂಪ್ಲೇಟ್ (ಅಚ್ಚಾಗಿ ಬಳಸುವ ಗೊತ್ತಿರುವ ರಚನೆ) ಕೊಟ್ಟು ಬೇರೆ ಆಕಾರಗಳನ್ನು ಹೊರಡಿಸುವ ವಿಧಾನಗಳಿವೆ. ಆದರೆ ಬಂದದ್ದು ನಿಜವಾಗಿ ಮುಚ್ಚಿದ ಸ್ಥಿತಿಯೇ ಎಂಬುದನ್ನು ಪ್ಯಾಚ್ ಕ್ಲ್ಯಾಂಪ್ (ಚಾನಲ್ ಮೂಲಕ ಹರಿಯುವ ವಿದ್ಯುತ್ತನ್ನು ಅಳೆಯುವ ಪ್ರಯೋಗ) ದತ್ತಾಂಶದ ಜೊತೆ ಹೋಲಿಸಿಯೇ ಒಪ್ಪಬೇಕು.

ರೋಗಿಯ ಮ್ಯುಟೇಶನ್ ಹಾಕಿ ರಚನೆ ಹೇಗೆ ಕೆಡುತ್ತದೆ ನೋಡೋಣ ಎಂದು ಹೊರಡುವವರು ಬಹಳ. 561ನೇ ಅಲನಿನ್ ಜಾಗದಲ್ಲಿ ವ್ಯಾಲಿನ್ ಬರುವ ಮ್ಯುಟೇಶನ್ ದೀರ್ಘ ಕ್ಯೂಟಿ ಕಾಯಿಲೆಯಲ್ಲಿ ಚೆನ್ನಾಗಿ ಗೊತ್ತಿರುವುದು. ಅದನ್ನು ಹಾಕಿ ನೋಡಿದರೆ ಆಲ್ಫಾಫೋಲ್ಡ್ ಹೆಚ್ಚುಕಡಿಮೆ ಮೊದಲಿನದೇ ಆಕಾರ ಕೊಡುತ್ತದೆ. ಆಕಾರ ಹಾಗೇ ಇದೆ ಎಂದರೆ ಮ್ಯುಟೇಶನ್ ನಿರುಪದ್ರವಿ ಎಂದಲ್ಲ. ಹರ್ಗ್‌ನ ಇಂಥ ಮ್ಯುಟೇಶನ್‌ಗಳಲ್ಲಿ ಹೆಚ್ಚಿನವು ಪ್ರೋಟೀನನ್ನು ಕೋಶದ ಪೊರೆಯವರೆಗೆ ತಲುಪಲು ಬಿಡುವುದಿಲ್ಲ. ಅದು ತಿಳಿಯುವುದು ಪ್ರೋಟೀನನ್ನು ಗಾತ್ರದ ಮೇಲೆ ಬೇರ್ಪಡಿಸಿ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ: ಆರೋಗ್ಯವಂತ ಹರ್ಗ್ 135 ಮತ್ತು 155 ಕಿಲೋಡಾಲ್ಟನ್‌ನ ಎರಡು ಪಟ್ಟಿ ತೋರಿಸುತ್ತದೆ. ಒಳಗೇ ಸಿಕ್ಕಿಬಿದ್ದದ್ದು ಕೆಳಗಿನ 135ರ ಪಟ್ಟಿ ಮಾತ್ರ ತೋರಿಸುತ್ತದೆ. ಕಡಿಮೆ ಖರ್ಚಿನ ಈ ಬ್ಲಾಟ್, ಈ ಪ್ರಶ್ನೆಗೆ ಎಲ್ಲ ರಚನೆಗಳಿಗಿಂತ ಒಳ್ಳೆಯ ಉತ್ತರ.

ಹೋಮಾಲಜಿ ಮಾದರಿ

ಸಂಬಂಧಿ ಪ್ರೋಟೀನಿನ ಗೊತ್ತಿರುವ ರಚನೆಯ ಮೇಲೆ ಕಟ್ಟುವ ಮಾದರಿ ಇದು. ಹರ್ಗ್‌ಗೆ ಇದರ ಅಗತ್ಯ ಈಗಿಲ್ಲ. ಬೇರೆ ಚಾನಲ್‌ನವರಿಗೆ ಒಂದು ಪಾಠವಾಗಿ ಹೇಳಬೇಕು. ವರ್ಷಗಟ್ಟಲೆ ಹರ್ಗ್ ಮಾದರಿಗಳನ್ನು ಬ್ಯಾಕ್ಟೀರಿಯಾದ ಕೆಸಿಎಸ್‌ಎ, ಇಲಿಯ ಕೆವಿ1.2 ಮೊದಲಾದ ರಚನೆಗಳ ಮೇಲೆ ಕಟ್ಟಿದರು. ಕೆವಿ1.2ರಲ್ಲಿ ಒಂದು ಉಪಘಟಕದ ವೋಲ್ಟೇಜ್ ಸೆನ್ಸರ್ ಪಕ್ಕದ ಉಪಘಟಕದ ರಂಧ್ರಕ್ಕೆ ಒರಗಿ ನಿಲ್ಲುತ್ತದೆ. ಹರ್ಗ್‌ನಲ್ಲಿ ಅದು ತನ್ನದೇ ರಂಧ್ರಕ್ಕೆ ಒರಗುತ್ತದೆ, ನಡುವಿನ ಕೊಂಡಿಯೂ ಗಿಡ್ಡ. 2016ರಲ್ಲಿ ಹರ್ಗ್‌ನ ಸಂಬಂಧಿ ಚಾನಲ್ ಆದ ಇಲಿಯ ಈಗ್1 ರಚನೆ ಬಂದಾಗ ಈ ಕುಟುಂಬದ ಜೋಡಣೆಯೇ ಬೇರೆ ಎಂದು ತಿಳಿಯಿತು. ರಂಧ್ರದ ಮಟ್ಟಿಗೆ ಹಳೆಯ ಮಾದರಿಗಳು ಕೆಲಸಕ್ಕೆ ಬಂದಿದ್ದವು, ಸೆನ್ಸರ್ ಮತ್ತು ರಂಧ್ರದ ನಡುವಿನ ಸಂಬಂಧದಲ್ಲಿ ತಪ್ಪಿದ್ದವು. ಟೆಂಪ್ಲೇಟ್ ಆರಿಸುವಾಗ ಒಟ್ಟು ಹೋಲಿಕೆಯ ಶೇಕಡಾ ನೋಡಿದರೆ ಸಾಲದು, ಅದೇ ಕುಟುಂಬದ ಜೋಡಣೆ ಇದೆಯೇ ನೋಡಬೇಕು.

ಸ್ವಂತ ಕ್ರಯೋ-ಇಎಂ

ಹೊಸ ಔಷಧ, ಹೊಸ ವಿಷದ ಪೆಪ್ಟೈಡ್, ಹೊಸ ಜೊತೆಗಾರ ಪ್ರೋಟೀನ್, ಇವು ಎಲ್ಲಿ ಕೂರುತ್ತವೆ ಎಂದು ಕಣ್ಣಾರೆ ಕಾಣಬೇಕಿದ್ದರೆ ಮಾತ್ರ ಈ ದಾರಿ. ಕೈ ಪಳಗಿದ ಗುಂಪಿಗೂ ತಿಂಗಳುಗಳು ಹಿಡಿಯುತ್ತವೆ, ಹೊಸದಾಗಿ ಶುರುಮಾಡುವವರು ವರ್ಷಗಳ ಲೆಕ್ಕ ಹಾಕಿಕೊಳ್ಳಿ. ಸೂಕ್ಷ್ಮದರ್ಶಕದ ಚಿಂತೆ ಮೊದಲು ಬೇಡ: ಬೆಂಗಳೂರಿನ ಎನ್‌ಸಿಬಿಎಸ್ ಆವರಣದ ರಾಷ್ಟ್ರೀಯ ಸೌಲಭ್ಯದಲ್ಲಿ 300 ಕಿಲೋವೋಲ್ಟ್‌ನ ಟೈಟನ್ ಕ್ರಯೋಸ್ ಇದೆ. ಕೆಲಸ ನಿಲ್ಲುವುದು ಅಲ್ಲಿಗೆ ಹೋಗುವುದಕ್ಕೂ ಮೊದಲು, ಪ್ರೋಟೀನಿನ ಹಂತದಲ್ಲಿ.

ಮಾನವ ಚಾನಲ್‌ಗಳನ್ನು ಸಾಮಾನ್ಯವಾಗಿ ತೇಲುವ ಹೆಕ್ 293 ಎಂಬ ಮಾನವ ಕೋಶಗಳಲ್ಲಿ, ಜೀನ್ ಹೊತ್ತೊಯ್ಯುವ ಬ್ಯಾಕ್‌ಮ್ಯಾಮ್ ವೈರಸ್ ಮೂಲಕ ತಯಾರಿಸುತ್ತಾರೆ. ಮಿಲಿಲೀಟರ್‌ಗೆ 20ರಿಂದ 30 ಲಕ್ಷ ಕೋಶಗಳಿರುವಾಗ ವೈರಸ್ ಹಾಕಿ, ಅರ್ಧ ದಿನದಿಂದ ಒಂದು ದಿನದೊಳಗೆ 10 ಮಿಲಿಮೋಲಾರ್ ಸೋಡಿಯಂ ಬ್ಯುಟಿರೇಟ್ ಸೇರಿಸಿ, ಉಷ್ಣತೆಯನ್ನು 30 ಡಿಗ್ರಿಗೆ ಇಳಿಸುವುದು ರೂಢಿ. ಒಂದು ಲೀಟರ್‌ಗೆ ಒಂದು ಮಿಲಿಗ್ರಾಮ್‌ಗಿಂತ ಕಡಿಮೆ ಸಿಕ್ಕರೆ ಬೇಸರ ಬೇಡ, ಕ್ರಯೋ-ಇಎಂಗೆ ಅದರಲ್ಲೇ ಹಲವು ಗ್ರಿಡ್ ಆಗುತ್ತದೆ. ದೊಡ್ಡ ಪ್ರಮಾಣಕ್ಕೆ ಇಳಿಯುವ ಮುನ್ನ ಹಸಿರಾಗಿ ಹೊಳೆಯುವ ಜಿಎಫ್‌ಪಿ ಅಂಟಿಸಿದ ಪ್ರೋಟೀನನ್ನು ಸಣ್ಣ ಪ್ರಮಾಣದಲ್ಲಿ ಕರಗಿಸಿ, ಗಾತ್ರದ ಮೇಲೆ ಬೇರ್ಪಡಿಸಿ ಹೊಳಪು ಅಳೆಯುವ ಫ್ಲೋರೆಸೆನ್ಸ್ ಕಾಲಮ್‌ನಲ್ಲಿ ಓಡಿಸಿ. ಶಿಖರ ಒಂದೇ ಇದ್ದು ಎರಡೂ ಬದಿ ಸಮನಾಗಿದ್ದರೆ ಮುಂದುವರಿಯಿರಿ. ಖಾಲಿ ಪರಿಮಾಣದ ಜಾಗದಲ್ಲಿ (ಅತಿ ದೊಡ್ಡ ಕಣಗಳು ಮೊದಲಿಗೇ ಹೊರಬರುವಲ್ಲಿ) ಎತ್ತರದ ಶಿಖರ ಬಂದರೆ ಪ್ರೋಟೀನ್ ಗುಡ್ಡೆಗಟ್ಟಿದೆ. ಡಿಟರ್ಜೆಂಟ್ ಬದಲಿಸಿ, ಕೊಲೆಸ್ಟೆರಿಲ್ ಹೆಮಿಸಕ್ಸಿನೇಟ್ ಸೇರಿಸಿ, ಇಲ್ಲವೇ ಬೇರೆ ಕಡೆ ಕತ್ತರಿಸಿ ನೋಡಿ.

ಕರಗಿಸುವುದಕ್ಕೆ ಶೇಕಡಾ 1ರ ಡಿಡಿಎಂ ಡಿಟರ್ಜೆಂಟ್, 4 ಡಿಗ್ರಿಯಲ್ಲಿ ಒಂದೆರಡು ಗಂಟೆ. ಕೊನೆಯ ಕಾಲಮ್‌ನಲ್ಲಿ ಡಿಜಿಟೋನಿನ್ ಅಥವಾ ಜಿಡಿಎನ್‌ಗೆ ಬದಲಾಯಿಸಿ. ಡಿಡಿಎಂ ಉಳಿದರೆ ಪ್ರೋಟೀನ್ ಗಾಢಗೊಳಿಸುವಾಗ ಅದರ ಖಾಲಿ ಮೈಸೆಲ್‌ಗಳೂ (ಡಿಟರ್ಜೆಂಟ್ ಅಣುಗಳ ಉಂಡೆಗಳು) ಒಂದಷ್ಟು ಗಾಢವಾಗಿ ಚಿತ್ರದ ಹಿನ್ನೆಲೆ ಮಸುಕಾಗುತ್ತದೆ. ಮೊದಲಿಂದ ಕೊನೆಯವರೆಗೆ ಪ್ರತಿ ಬಫರ್‌ನಲ್ಲೂ 150 ಮಿಲಿಮೋಲಾರ್‌ನಷ್ಟಾದರೂ ಪೊಟ್ಯಾಶಿಯಂ ಕ್ಲೋರೈಡ್ ಇರಲಿ. ಅಭ್ಯಾಸಬಲದಿಂದ ಸೋಡಿಯಂ ಕ್ಲೋರೈಡ್ ಬಫರ್‌ನಲ್ಲಿ ತೊಳೆದರೆ ಫಿಲ್ಟರ್‌ನ ಆಕಾರ ಬದಲಾಗಬಹುದು. ಕಡಿಮೆ ಪೊಟ್ಯಾಶಿಯಂನಲ್ಲಿ ಕಂಠ ಹಿಂಡಿಕೊಳ್ಳುವುದನ್ನು ಕೆಸಿಎಸ್‌ಎ ಹರಳುಗಳು 2001ರಲ್ಲೇ ತೋರಿಸಿವೆ. ಬೇಕೆಂದೇ ಅದನ್ನು ನೋಡುವುದು ಬೇರೆ, ತಿಳಿಯದೆ ಹಾಗಾಗುವುದು ಬೇರೆ.

ಗ್ರಿಡ್ ಹಂತ ಹೀಗೆ: 3 ಮೈಕ್ರೋಲೀಟರ್ ಹನಿ, ಮಿಲಿಲೀಟರ್‌ಗೆ ಕೆಲವು ಮಿಲಿಗ್ರಾಮ್ ಪ್ರೋಟೀನ್, 4 ಡಿಗ್ರಿ, ಶೇಕಡಾ 100 ತೇವಾಂಶ, ಮೂರರಿಂದ ಐದು ಸೆಕೆಂಡ್ ಒತ್ತಿ ಹೀರಿಸಿ ದ್ರವ ಈಥೇನ್‌ಗೆ ಮುಳುಗಿಸುವುದು. ಮಂಜುಗಡ್ಡೆಯ ಪದರ ದಪ್ಪವಾದರೆ ಚಿತ್ರ ಮಸುಕು, ತೆಳುವಾದರೆ ಕಣಗಳು ಗ್ರಿಡ್ ತೂತಿನ ಅಂಚಿಗೆ ಸರಿದುಬಿಡುತ್ತವೆ. ಎರಡು ಆಯಾಮದ ಸರಾಸರಿ ಚಿತ್ರಗಳಲ್ಲಿ ಚಾನಲ್ ಮೇಲಿನಿಂದ ಕಂಡ ನಾಲ್ಕೆಸಳಿನ ಹೂವಿನಂಥ ನೋಟವೇ ತುಂಬಿ, ಪಕ್ಕದ ನೋಟ ಇಲ್ಲವಾದರೆ ಕಣಗಳೆಲ್ಲ ಒಂದೇ ಭಂಗಿಯಲ್ಲಿ ಕೂತಿವೆ. ಆಗ ದತ್ತಾಂಶ ಎಷ್ಟು ಸೇರಿಸಿದರೂ ಮ್ಯಾಪ್ ಒಂದು ದಿಕ್ಕಿಗೆ ಎಳೆದಂತೆ ಬರುತ್ತದೆ. ಮುಳುಗಿಸುವ ಮುನ್ನ ಸ್ವಲ್ಪ ಫ್ಲೋರಿನೇಟೆಡ್ ಫಾಸ್-ಕೋಲಿನ್ 8 ಅಥವಾ ಚಾಪ್ಸೋ ಡಿಟರ್ಜೆಂಟ್ ಸೇರಿಸಿದರೆ ಹಲವು ಬಾರಿ ಸರಿಹೋಗುತ್ತದೆ.

ಔಷಧ ಹುಡುಕುವವರು ಲೆಕ್ಕಾಚಾರದ ಹಂತದಲ್ಲಿ ಎಡವುವುದು ಸಮರೂಪತೆಯಲ್ಲಿ. ನಾಲ್ಕು ಉಪಘಟಕಗಳೂ ಒಂದೇ ಎಂದು ಹೇರಿದರೆ ರೆಸಲ್ಯೂಶನ್ ಸುಧಾರಿಸುತ್ತದೆ, ನಿಜ. ಆದರೆ ರಂಧ್ರದ ನಡುವೆ ಕೂತಿರುವುದು ಒಂದೇ ಔಷಧ ಅಣು, ಅದು ನಾಲ್ಕಾಗಿಲ್ಲ. ಹೇರಿದ ಸಮರೂಪತೆ ಅದನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಕಲಸಿ, ಅಕ್ಷದ ಮೇಲೆ ಆಕಾರವಿಲ್ಲದ ಉಂಡೆ ಮಾಡುತ್ತದೆ. ಸಮರೂಪತೆ ಹೇರದ ಮ್ಯಾಪ್ ಜೊತೆಗಿಟ್ಟು ನೋಡದೆ ಆ ಉಂಡೆಯೊಳಗೆ ಔಷಧ ಬರೆಯಬೇಡಿ.

ಹರಳು ಮತ್ತು ಎನ್‌ಎಂಆರ್

ಈ ಕ್ಷೇತ್ರ ತೆರೆದದ್ದೇ ಹರಳು: 1998ರ ಕೆಸಿಎಸ್‌ಎ, 3.2 ಆಂಗ್‌ಸ್ಟ್ರಾಮ್, 2003ರ ನೊಬೆಲ್. ಇಂದು ಪೂರ್ಣ ಹರ್ಗ್‌ಗೆ ಹರಳಿನ ದಾರಿ ಹಿಡಿಯಲು ನಾನು ಯಾರಿಗೂ ಹೇಳುವುದಿಲ್ಲ. ಮಿಲಿಗ್ರಾಮ್‌ಗಟ್ಟಲೆ ಪ್ರೋಟೀನ್ ಬೇಕು, ಅಲ್ಲಾಡುವ ಭಾಗಗಳಿದ್ದರೆ ಹರಳು ಕಟ್ಟುವುದು ಕಷ್ಟ. ಚಿಕ್ಕ ಚಾನಲ್‌ಗಳಿಗೆ ಮಾತ್ರ ಇದು ಇನ್ನೂ ಸೂಕ್ತ. ಮಾನವ ಕೆ2ಪಿ ಚಾನಲ್‌ಗಳಾದ ಟ್ವಿಕ್-1, ಟ್ರಾಕ್ ರಚನೆಗಳು 2012ರಲ್ಲಿ ಹರಳಿನಿಂದಲೇ ಬಂದವು. ಕ್ರಯೋ-ಇಎಂಗೆ ಅಷ್ಟು ಚಿಕ್ಕ ಕಣ ಕಷ್ಟ, ಆ್ಯಂಟಿಬಾಡಿ ತುಣುಕು ಅಂಟಿಸಿ ದೊಡ್ಡದು ಮಾಡಬೇಕಾಗುತ್ತದೆ. ಪೊರೆಯ ಹೊರಗಿನ ತುಂಡುಗಳಿಗೂ ಹರಳು ಒಗ್ಗುತ್ತದೆ: ಹರ್ಗ್‌ನ ತುದಿಯ ಪ್ಯಾಸ್ ಭಾಗದ ಹರಳಿನ ರಚನೆ 1998ರಲ್ಲೇ ಬಂದಿತ್ತು. ಎಕ್ಸ್-ಕಿರಣಕ್ಕೆ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಲ್ಲಿ ಪ್ರೋಟೀನ್ ಹರಳಿಗೆಂದೇ ಒಂದು ಬೀಮ್‌ಲೈನ್ ಇದೆ. ಎನ್‌ಎಂಆರ್ (ಬಲವಾದ ಆಯಸ್ಕಾಂತದಲ್ಲಿಟ್ಟು ಪರಮಾಣುಗಳ ಸಂಕೇತ ಓದುವ ವಿಧಾನ) ಇನ್ನೂ ಚಿಕ್ಕದಕ್ಕೆ: ಬಿಡಿ ಭಾಗಗಳು, ಚಾನಲನ್ನು ಅಡ್ಡಗಟ್ಟುವ ಚೇಳು-ಶಂಖದ ವಿಷದ ಪೆಪ್ಟೈಡ್‌ಗಳು, ಒಂದು ತುಂಡಿನ ಚಲನೆಯ ವೇಗ.

ಯಾರಿಗೆ ಯಾವುದು

ಆರು ತಿಂಗಳ ಪ್ರಾಜೆಕ್ಟ್, ಒಂದು ಲ್ಯಾಪ್‌ಟಾಪ್: 5ವಿಎ2 ಮತ್ತು 7ಸಿಎನ್1 ಎರಡನ್ನೂ ತೆಗೆದುಕೊಳ್ಳಿ, 652 ಮತ್ತು 656ನ್ನು ಬಾಗಲು ಬಿಡಿ, ಫಿಲ್ಟರ್‌ನಲ್ಲಿ ಪೊಟ್ಯಾಶಿಯಂ ಇಡಿ. ನಿಮ್ಮ ಅಣುವಿಗೆ ಮುನ್ನ, ಪ್ರಯೋಗದಲ್ಲಿ ಗೊತ್ತಿರುವ ಐದಾರು ಔಷಧಗಳನ್ನು ಹಾಕಿ ಕ್ರಮ ಸರಿಬರುತ್ತದೆಯೇ ನೋಡಿ. ಬರದಿದ್ದರೆ ಮುಂದೆ ಹೋಗಬೇಡಿ.

ಔಷಧ ಕಂಪನಿಯಲ್ಲಿ ನೂರಾರು ಅಣು ಸೋಸುವವರಿಗೆ ರಚನೆಗಿಂತ ಪ್ಯಾಚ್ ಕ್ಲ್ಯಾಂಪ್ ಮುಂದೆ ಇರಲಿ. ಚಾನಲನ್ನು ಅಡ್ಡಗಟ್ಟುತ್ತದೆ ಎಂದು ಅದು ತೋರಿಸಿದ ಅಣುವನ್ನು ಹೇಗೆ ತಿದ್ದಬೇಕು ಎಂದು ಕೇಳುವಾಗ ರಚನೆ ತೆಗೆಯಿರಿ. ರೋಗಿಯ ಮ್ಯುಟೇಶನ್ ಹಿಡಿದಿರುವವರು ಮೊದಲು ವೆಸ್ಟರ್ನ್ ಬ್ಲಾಟ್ ಮಾಡಿಸಿ. ಎರಡೂ ಪಟ್ಟಿ ಕಂಡರೆ ಮಾತ್ರ ಆ ಅಮೈನೋ ಆಮ್ಲ ರಚನೆಯಲ್ಲಿ ಎಲ್ಲಿದೆ, ಯಾವುದರ ಪಕ್ಕದಲ್ಲಿದೆ ಎಂದು ನೋಡುವುದರಲ್ಲಿ ಅರ್ಥವಿದೆ.

ಪಿಡಿಬಿಯಲ್ಲಿ ರಚನೆಯೇ ಇಲ್ಲದ ಚಾನಲ್ ನಿಮ್ಮದಾಗಿದ್ದರೆ ಆಲ್ಫಾಫೋಲ್ಡ್‌ನಿಂದ ಶುರುಮಾಡಿ. ಆ ಮಾದರಿ ನೋಡಿ ಎಲ್ಲಿ ಕತ್ತರಿಸಬೇಕು, ಜಿಎಫ್‌ಪಿ ಯಾವ ತುದಿಗೆ ಅಂಟಿಸಬೇಕು ಎಂದು ತೀರ್ಮಾನಿಸಿ, ಏಳೆಂಟು ಕನ್‌ಸ್ಟ್ರಕ್ಟ್ (ಹಾಗೆ ಕತ್ತರಿಸಿ ಅಂಟಿಸಿದ ರೂಪಗಳು) ಮಾಡಿ, ಎಲ್ಲವನ್ನೂ ಒಂದೇ ವಾರದಲ್ಲಿ ಫ್ಲೋರೆಸೆನ್ಸ್ ಕಾಲಮ್‌ಗೆ ಹಾಕಿ. ಒಂಟಿ ಶಿಖರ ಕೊಟ್ಟ ಕನ್‌ಸ್ಟ್ರಕ್ಟ್ ಕೈಗೆ ಬಂದ ಮೇಲೆ ಸೂಕ್ಷ್ಮದರ್ಶಕದ ಸಮಯಕ್ಕೆ ಅರ್ಜಿ ಹಾಕಿ.